ಕ್ಯಾಬಿನ್ ಇಲ್ಲದ ಲಾರಿ

'ಸ್ವೀಡನ್ನಿನ ಉದ್ಯಮಿ ರಾಬರ್ಟ್ ಫಾಲ್ಕ್ ಚಾಲಕನೇ ಇಲ್ಲದ ವಿದ್ಯುತ್ ಲಾರಿಯನ್ನು ಓಡಿಸಿ ತೋರಿಸಿದ್ದಾರೆ. ನಿದ್ದೆಗೆಟ್ಟು ಅಪಘಾತ ಮಾಡುವ ಚಾಲಕರಿಗಿಂತ ಇದು ಮೇಲಲ್ಲವೇ? ಸಾಫ್ಟ್‌ವೇರಿಗೆ ಹೆಸರಾದ ಬೆಂಗಳೂರು ಇದರಲ್ಲಿ ಹಿಂದೆ ಬಿದ್ದಿರುವುದೇಕೆ? ನಿಮ್ಮ ಪತ್ರಿಕೆ ಇಂಥ ವಿಷಯಕ್ಕೆ ಪುಟ ಕೊಡುವುದಿಲ್ಲವೇಕೆ?'
– ಓದುಗರೊಬ್ಬರು, ರಾಜಾಜಿನಗರ, ಬೆಂಗಳೂರು

ಸಂಪಾದಕರ ಉತ್ತರ: ಕೈಬರಹದಲ್ಲಿ, ಅದೂ ಇಷ್ಟು ದುಂಡಾದ ಅಕ್ಷರಗಳಲ್ಲಿ, ಪತ್ರ ಬರೆಯುವವರು ಈಗ ಅಪರೂಪ. ನಿಮ್ಮ ಕೊನೆಯ ಆಕ್ಷೇಪಕ್ಕೆ ಉತ್ತರವಾಗಿ ಪುಟವನ್ನು ಇಗೋ ಕೊಟ್ಟಿದ್ದೇನೆ.

ಫಾಲ್ಕ್ ಅವರ ಸಾಹಸವನ್ನು ಹಗುರ ಮಾಡುವ ಉದ್ದೇಶ ನನಗಿಲ್ಲ. 2016ರಲ್ಲಿ ಅವರು ಜೊತೆಗಾರರೊಂದಿಗೆ ಕಟ್ಟಿದ ಐನ್‌ರೈಡ್ ಕಂಪನಿಯ ಲಾರಿಗೆ ಕ್ಯಾಬಿನ್ನೂ ಇಲ್ಲ, ಡೀಸೆಲ್ ಹೊಗೆಯೂ ಇಲ್ಲ. ತೊಡಕು ಬಂದಾಗ ದೂರದಲ್ಲೆಲ್ಲೋ ಕುಳಿತ ನಿರ್ವಾಹಕರು ಅದನ್ನು ತಮ್ಮ ಹಿಡಿತಕ್ಕೆ ತೆಗೆದುಕೊಳ್ಳಬಲ್ಲರು. 2019ರಲ್ಲಿ ಯೋನ್‌ಶೋಪಿಂಗ್ ಎಂಬ ಊರಿನಲ್ಲಿ ಅದು ಸಾರ್ವಜನಿಕ ರಸ್ತೆಗಿಳಿದಾಗ ಓಡಿದ್ದು ಕೈಗಾರಿಕಾ ಪ್ರದೇಶದೊಳಗಿನ ಒಂದು ತುಂಡು ದಾರಿಯಲ್ಲಿ, ಗಂಟೆಗೆ 5 ಕಿಲೋಮೀಟರ್ ಮಿತಿಯಲ್ಲಿ. ಆ ವೇಗವನ್ನು ಸಿಲ್ಕ್ ಬೋರ್ಡ್ ಬಳಿ ನಾವು ಯಾವ ಸಂಶೋಧನೆಯೂ ಇಲ್ಲದೆ ಸಾಧಿಸಿದ್ದೇವೆ ಎನ್ನುವುದು ಬೇರೆ ಮಾತು.

ನನ್ನ ತಕರಾರಿರುವುದು ನಿಮ್ಮ ಎರಡನೆಯ ವಾಕ್ಯದ ಬಗ್ಗೆ. ಚಾಲಕ ನಿದ್ದೆಗೆಡುತ್ತಾನೆ, ನಿಜ, ಕೆಡಿಸಿದವರು ಯಾರು? ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ದುಡಿಮೆಯೆಂದು ಮಿತಿ ಹಾಕಿದ್ದು 1961ರಲ್ಲಿ. ಲಾರಿಯ ಕ್ಯಾಬಿನ್ನಿಗೆ ಹವಾನಿಯಂತ್ರಣ ಕಡ್ಡಾಯವಾಗಿದ್ದು 2025ರ ಅಕ್ಟೋಬರ್ 1ರಿಂದ, ಅದೂ ಹೊಸದಾಗಿ ತಯಾರಾಗುವ ಲಾರಿಗಳಿಗೆ ಮಾತ್ರ. ಈ ನಡುವಿನ ಅರವತ್ತನಾಲ್ಕು ವರ್ಷ ಆತನ ದಣಿವಿನ ಬಗ್ಗೆ ತುಟಿ ಬಿಚ್ಚದ ನಾವು, ಯಂತ್ರವೊಂದು ಮಾರಾಟಕ್ಕೆ ಬಂದ ಕೂಡಲೇ ಅದನ್ನು ಆತನ ಮೇಲಿನ ದೋಷಾರೋಪವಾಗಿ ಓದಿ ಹೇಳುತ್ತಿದ್ದೇವೆ.

ಕಳೆದ ಬೇಸಿಗೆಯಲ್ಲಿ ಯಶವಂತಪುರದ ಎಪಿಎಂಸಿ ಯಾರ್ಡಿನಲ್ಲಿ ಗದಗದ ಕಡೆಯ ಈರುಳ್ಳಿ ಲಾರಿಯೊಂದನ್ನು ಕಂಡೆ. ನಸುಕಿನ ಮೂರಕ್ಕೆ ಬಂದದ್ದು, ಹನ್ನೊಂದಾದರೂ ಅನ್‌ಲೋಡಿನ ಸರದಿ ಬಂದಿರಲಿಲ್ಲ. ಹಿಂದಿನ ಚಕ್ರಗಳ ನಡುವೆ ಸ್ಟೌ ಹಚ್ಚಿ ಉಪ್ಪಿಟ್ಟು ಕೆದಕುತ್ತಿದ್ದ ಚಾಲಕ ಇದ್ದಕ್ಕಿದ್ದಂತೆ ಎದ್ದು, ಟಾರ್ಪಾಲಿನ ಮೂಲೆ ಎತ್ತಿ, ಎರಡು ಚೀಲಗಳ ಸಂದಿಗೆ ಮೊಣಕೈವರೆಗೆ ಕೈ ತೂರಿಸಿ, ಹೊರಗೆಳೆದ ಬೆರಳುಗಳನ್ನು ಮೂಸಿ ನೋಡಿದ. 'ಬೆವರಾಕತ್ತೈತಿ, ಹಗ್ಗ ಸಡಿಲ ಮಾಡೋ' ಎಂದು ಕ್ಲೀನರ್ ಹುಡುಗನಿಗೆ ಕೂಗಿದ. ನೆರಳಿನ ಕಡೆಯ ಟಾರ್ಪಾಲು ಮೇಲೆ ಸರಿದು ಸರಕಿಗೆ ಗಾಳಿಯಾಡುವ ಹೊತ್ತಿಗೆ ಇತ್ತ ಉಪ್ಪಿಟ್ಟು ತಳ ಹಿಡಿದಿತ್ತು. ಇದಕ್ಕೆ ಪ್ರತ್ಯೇಕ ಬಾಟಾ ಏನಾದರೂ ಉಂಟೇ ಎಂದು ಕೇಳಿದ್ದಕ್ಕೆ ಆತ ನಕ್ಕ. ನಿಮ್ಮ ಲೆಕ್ಕದ ಪ್ರಕಾರ ಆತ ಆಗ ಕೆಲಸದಲ್ಲೇ ಇರಲಿಲ್ಲ, ಲಾರಿ ನಿಂತಿತ್ತಲ್ಲ!

ಸ್ವೀಡನ್ನಿನಲ್ಲಿ ಗೋದಾಮಿನ ಬಾಗಿಲಿಗೆ ಲಾರಿ ಬಂದರೆ ಸರಕು ಇಳಿಸುವ ವ್ಯವಸ್ಥೆ ಕಾದಿರುತ್ತದೆ. ನಮ್ಮಲ್ಲಿ ಆ ವ್ಯವಸ್ಥೆ ಎಂದರೆ ಚಾಲಕ, ಕ್ಲೀನರು, ಹಮಾಲಿ. ಕೇಂದ್ರ ಸಚಿವ ನಿತಿನ್ ಗಡ್ಕರಿಯವರು ಚಾಲಕರ ಹೊಟ್ಟೆಪಾಡಿನ ಕಾರಣ ಕೊಟ್ಟು ಚಾಲಕರಹಿತ ವಾಹನಗಳನ್ನು ಬಿಡುವುದಿಲ್ಲವೆಂದು 2017ರಿಂದಲೂ ಹೇಳುತ್ತ ಬಂದಿದ್ದಾರೆ. ಒಳ್ಳೆಯ ಮಾತೇ, ಆದರೆ ಕೆಲಸ ಉಳಿಸಿಕೊಟ್ಟ ಮೇಲೆ ನಿದ್ದೆಯನ್ನೂ ಕೊಡಬೇಕಲ್ಲ? ಸಾರಿಗೆಯ ಭವಿಷ್ಯವನ್ನು ಚರ್ಚಿಸಲು ಈ ನಗರದಲ್ಲಿ ತಂಪು ಸಭಾಂಗಣಗಳಿಗೆ ಬರವಿಲ್ಲ. ನೆಲಮಂಗಲದಿಂದ ಹೊಸೂರು ರಸ್ತೆಯವರೆಗೆ ಲಾರಿ ನಿಲ್ಲಿಸಿ, ಸ್ನಾನ ಮಾಡಿ, ಆರು ಗಂಟೆ ಕಾಲು ಚಾಚಿ ಮಲಗಲು ಚಾಲಕನೊಬ್ಬ ಜಾಗ ಹುಡುಕಿದರೆ ಗೊತ್ತಾಗುತ್ತದೆ ಬರ ಯಾವುದಕ್ಕೆಂದು.

ನಿಮ್ಮ ರಾಜಾಜಿನಗರಕ್ಕೆ ಯಶವಂತಪುರ ದೂರವೇನಲ್ಲ. ಒಂದು ಬೆಳಿಗ್ಗೆ ಐದಕ್ಕೆ ಹೋಗಿ ನೋಡಿ ಬಂದು ಬರೆಯಿರಿ, ಇನ್ನೊಂದು ಪುಟ ಕೊಡುತ್ತೇನೆ. ಅಲ್ಲಿ ಮಲಗಿರುವವರನ್ನು ಮಾತ್ರ ಎಬ್ಬಿಸಬೇಡಿ.