ಪ್ರ: ಹಳೇ ಸಿಂಪಿ ಚಿಪ್ಪಿನಿಂದ ಹಿಡಿದ ಕಾಲ ತಿಳಿಯೋದು ಹೇಗೆ?

ಮಂಡ್ಯದಿಂದ ಕೇಳಿದ್ದೀರಿ: ಕರಾವಳಿಯ ಹಳೇ ಚಿಪ್ಪುಗುಡ್ಡೆಯ (ಹಿಂದಿನವರು ತಿಂದು ಬಿಸಾಡಿದ ಚಿಪ್ಪಿನ ರಾಶಿಯ) ಸಿಂಪಿಯನ್ನ ಯಾವ ಋತುವಿನಲ್ಲಿ ಹಿಡಿದದ್ದು ಅಂತ ತಿಳಿಯಬಹುದಾ, ಆಸಿಡ್‌ನಲ್ಲಿ ತೊಳೆಯಬಹುದಾ ಅಂತ. ತಿಳಿಯಬಹುದು ಸಾರ್, ಆದ್ರೆ ಆಸಿಡ್ ಬೇಡವೇ ಬೇಡ. ಚಿಪ್ಪೆಲ್ಲ ಸುಣ್ಣ, ನಿಮಗೆ ಬೇಕಾದ, ಹಿಡಿಯೋ ಮುಂಚೆ ಬೆಳೆದ ಕೊನೆಯ ಪದರವೇ ಮೊದಲು ಕರಗುತ್ತೆ. ನೀರು, ಮೆತ್ತನೆ ಬ್ರಷ್ ಸಾಕು.

ಬಂಡೆಗೆ ಅಂಟಿಕೊಳ್ಳೋ ಕುಳಿಯಾದ ಎಡಚಿಪ್ಪನ್ನೇ ಆರಿಸಿ. ಎರಡು ಚಿಪ್ಪು ಸೇರೋ ಕೀಲಿನ ನಡುವೆ ಉದ್ದಕ್ಕೆ ಸೀಳಬೇಕು. ಬೆಳವಣಿಗೆಯ ಗೆರೆಗಳು ಅಲ್ಲೇ ಒತ್ತಾಗಿ ಉಳಿದಿರುತ್ತೆ. ಗ್ರಾನೈಟ್ ಕಟ್ಟರ್ ಹಚ್ಚಿದರೆ ಗೆರೆಗಳೇ ಹಾರಿಹೋಗುತ್ತೆ. ಮೊದಲು ಎಪಾಕ್ಸಿ (ಗಟ್ಟಿಯಾಗೋ ಅಂಟು) ತುಂಬಿ, ನಿಧಾನವಾಗಿ ತಿರುಗೋ ತೆಳು ಡೈಮಂಡ್ ಬ್ಲೇಡಲ್ಲಿ ಕೊಯ್ಯಿಸಿ, 400, 800, 1200ರ ಮರಳು ಕಾಗದದಲ್ಲಿ ನೀರು ಹಾಕಿ ಉಜ್ಜಿ. ಕಲ್ಲು ಕೊಯ್ಯೋ ಯಂತ್ರಕ್ಕೆ ಮೈಸೂರಲ್ಲಿ ಮಾನಸಗಂಗೋತ್ರಿಯ ಭೂವಿಜ್ಞಾನ ವಿಭಾಗದಲ್ಲಿ ವಿಚಾರಿಸಿ.

ಗೆರೆ ಎಣಿಸಿ ಋತು ಹೇಳಬೇಡಿ, ನಮ್ಮಲ್ಲಿ ಅದು ಕೈಕೊಡುತ್ತೆ. ಅಂಚಿನಿಂದ ಒಳಕ್ಕೆ ಸಾಲಾಗಿ ಪುಡಿ ಕೊರೆದು ಆಮ್ಲಜನಕದ ಐಸೋಟೋಪ್ (ತೂಕ ಬೇರೆ ಬೇರೆ ಇರೋ ಒಂದೇ ಧಾತುವಿನ ಪರಮಾಣು) ಅಳೆಸಬೇಕು. ನೀರು ತಣ್ಣಗಾದರೆ ಚಿಪ್ಪಿನಲ್ಲಿ ಆಮ್ಲಜನಕ-18ರ (ಭಾರವಾದ ಆಮ್ಲಜನಕದ) ಪಾಲು ಏರುತ್ತೆ, ಬೆಚ್ಚಗಾದರೆ ಇಳಿಯುತ್ತೆ, ಸಿಹಿನೀರು ಬೆರೆತರೂ ಇಳಿಯುತ್ತೆ. ಅಳಿವೆಯ ಸಿಂಪಿಯಲ್ಲಿ ಮುಂಗಾರಿನ ಹೊಳೆನೀರಿನ ಗುರುತೇ ಜೋರು. ಅದನ್ನ ಬಿಸಿಲುಕಾಲ ಅಂದುಕೊಳ್ಳೋದೇ ಸಾಮಾನ್ಯ ತಪ್ಪು.

ಇನ್ನು, ಚಿಪ್ಪು ಚಿಕ್ಕದಾದ ಮಾತ್ರಕ್ಕೆ ಅತಿಯಾಗಿ ಹಿಡಿದರು ಅನ್ನಬೇಡಿ. ಗಾತ್ರದ ಜೊತೆ ವಯಸ್ಸೂ ಇಳಿದಿದೆಯಾ ನೋಡಿ. ವಯಸ್ಸು ಅಷ್ಟೇ ಇದ್ದು ಗಾತ್ರ ಕಮ್ಮಿಯಾಗಿದ್ದರೆ ನೀರು ಬದಲಾಗಿರಬಹುದು.