ಅಂಗಾಲು ಗುಂಯ್ ಅನ್ನುತ್ತದೆ ಎಂದ ಟೀಚರ್: ಒಂದು ಆಪ್ತಸಲಹೆ ಪ್ರಕರಣ

ನನ್ನ ಬಳಿ ಆಪ್ತಸಲಹೆಗೆ ಬಂದ ಇವರು ಮಂಡ್ಯ ಜಿಲ್ಲೆಯ ಸರ್ಕಾರಿ ಶಾಲೆಯಲ್ಲಿ ಪಾಠ ಮಾಡಿ ನಿವೃತ್ತರಾದವರು. ವಯಸ್ಸು 60 ದಾಟಿದೆ. ಈಗ ಮೈಸೂರಿನಲ್ಲಿ ಮಗ, ಸೊಸೆ ಜೊತೆ ಇದ್ದಾರೆ. ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ. ಇಲ್ಲಿ ಅವರನ್ನು ಟೀಚರ್ ಎಂದಷ್ಟೇ ಕರೆಯುತ್ತೇನೆ.

ಕರೆದುಕೊಂಡು ಬಂದವರು ಮಗ. "ಅಮ್ಮನಿಗೆ ಏನೂ ಇಲ್ಲ ಮೇಡಂ. ಕಾಲಿನ ಎಕ್ಸ್‌ರೇ ಆಯ್ತು, ರಕ್ತ ಓಡಾಟದ ಸ್ಕ್ಯಾನೂ ಆಯ್ತು. ಎಲ್ಲ ನಾರ್ಮಲ್. ಸುಮ್ನೆ ಯೋಚನೆ ಮಾಡಿ ಮಾಡಿ ಹೀಗಾಗಿದೆ" ಎಂದರು. ಅವರನ್ನು ಹೊರಗೆ ಕೂರಲು ಹೇಳಿ ಟೀಚರ್ ಜೊತೆ ಮಾತಾಡಿದೆ.

"ಅಂಗಾಲೊಳಗೆ ಫೋನು ವೈಬ್ರೇಟ್ ಆದ ಹಾಗೆ ಗುಂಯ್ ಅನ್ನುತ್ತೆ ಮೇಡಂ. ರಾತ್ರಿ ಮಲಗಿದ ಮೇಲೆ ಜಾಸ್ತಿ. ಒಂದೊಂದು ಸಲ ಇರುವೆ ಹರಿದ ಹಾಗೆ, ಒಂದೊಂದು ಸಲ ಉರಿ. ಹೇಳಿದರೆ ನಗ್ತಾರೆ. ಅದಕ್ಕೆ ಹೇಳೋದೇ ಬಿಟ್ಟೆ." ಸ್ವಲ್ಪ ಹೊತ್ತಾದ ಮೇಲೆ ಇನ್ನೊಂದು ಮಾತು ಬಂತು. ಅವರ ಅಕ್ಕನಿಗೆ ಲಕ್ವ ಹೊಡೆದಿತ್ತಂತೆ. ತನಗೂ ಅದೇ ಶುರುವಾಯಿತೇ ಎಂಬ ಭಯ. ಆ ಭಯಕ್ಕೆ ನಿದ್ದೆ ಹೋಗಿತ್ತು.

ಎಕ್ಸ್‌ರೇ ತೋರಿಸುವುದು ಮೂಳೆಯನ್ನು. ಆ ಸ್ಕ್ಯಾನ್ ತೋರಿಸುವುದು ರಕ್ತನಾಳವನ್ನು. ನರದ ಕೆಲಸ ಹೇಗಿದೆ ಎಂದು ಎರಡೂ ಹೇಳುವುದಿಲ್ಲ. ಹಾಗಿರುವಾಗ ಒಬ್ಬ ಹಿರಿಯರನ್ನು "ಬರೀ ಮನಸ್ಸಿನದು" ಎಂದು ಇಲ್ಲಿಗೆ ಕಳಿಸುವುದು ನನಗೆ ನಿಜಕ್ಕೂ ನೋವು ತರುತ್ತದೆ. ಗಾಬರಿಯಿಂದಲೂ ಜೋಮು ಹಿಡಿಯಬಹುದು, ನಿಜ. ಗಾಬರಿಯಲ್ಲಿ ಜೋರಾಗಿ ಉಸಿರಾಡಿದಾಗ ಬೆರಳು, ಪಾದ, ತುಟಿಯ ಸುತ್ತ ಜುಮ್ ಅನ್ನುತ್ತದೆ. ಉಸಿರು ಹದಕ್ಕೆ ಬಂದರೆ ಅದೂ ಇಳಿಯುತ್ತದೆ. ಟೀಚರ್‌ದು ಹಾಗಿರಲಿಲ್ಲ. ತಿಂಗಳುಗಳಿಂದ ಎರಡೂ ಪಾದದಲ್ಲಿ, ಅದೂ ಸುಮ್ಮನೆ ಮಲಗಿದಾಗ ಕಾಡುತ್ತಿತ್ತು.

ಬಲಪಾದಕ್ಕೆ ಬ್ಯಾಂಡೇಜ್ ಇತ್ತು. ಏನಾಯ್ತು ಎಂದು ಕೇಳಿದೆ. ರಾತ್ರಿ ಉಪ್ಪು ಹಾಕಿದ ಬಿಸಿನೀರಿನಲ್ಲಿ ಕಾಲಿಟ್ಟು ಕೂರುತ್ತಿದ್ದರಂತೆ. ನೀರು ಬೆಚ್ಚಗಿದೆ ಅಂದುಕೊಂಡಿದ್ದರು. ಬೆಳಿಗ್ಗೆ ನೋಡಿದರೆ ಗುಳ್ಳೆ ಎದ್ದಿತ್ತು. ಗುಂಯ್ ಅನ್ನುವುದಕ್ಕಿಂತ ಈ ಗುಳ್ಳೆಯೇ ನನ್ನನ್ನು ಹೆಚ್ಚು ಹೆದರಿಸಿತು. ಸುಟ್ಟಿದ್ದೇ ಗೊತ್ತಾಗಿಲ್ಲ ಅಂದರೆ ಪಾದದ ಸ್ಪರ್ಶ ಕಡಿಮೆಯಾಗಿದೆ ಎಂದರ್ಥ, ಅಲ್ವಾ? ಅವರಿಗೆ ಸಕ್ಕರೆ ಕಾಯಿಲೆ ಬೇರೆ ಇದೆ. ಬಿಸಿನೀರು ಅಂದೇ ನಿಲ್ಲಿಸಲು ಹೇಳಿದೆ. ಕಾಲು ವಾಸಿಯಾದರೆ ಚಾಮುಂಡಿ ಬೆಟ್ಟದ ಮೆಟ್ಟಿಲನ್ನು ಬರಿಗಾಲಲ್ಲಿ ಹತ್ತುತ್ತೇನೆ ಎಂದು ಹರಕೆ ಹೊತ್ತಿದ್ದರು. ಸದ್ಯಕ್ಕೆ ಬಸ್ಸಿನಲ್ಲೇ ಹೋಗಿ ದರ್ಶನ ಮಾಡಿ, ತಾಯಿ ಬೇಸರ ಮಾಡಿಕೊಳ್ಳುವುದಿಲ್ಲ ಎಂದೆ.

ನಾನು ವೈದ್ಯಳಲ್ಲ. ಕಾಯಿಲೆ ಇಂಥದ್ದೇ ಎಂದು ಹೇಳುವುದು ನನ್ನ ಕೆಲಸವೂ ಅಲ್ಲ. ಆದರೆ ವೈದ್ಯರ ಮುಂದೆ ಐದು ನಿಮಿಷದಲ್ಲಿ ಸರಿಯಾಗಿ ಹೇಳಿಕೊಳ್ಳಲು ಸಹಾಯ ಮಾಡಬಲ್ಲೆ. ಒಂದು ವಾರ ನೋಟ್‌ಬುಕ್‌ನಲ್ಲಿ ಬರೆಯಲು ಹೇಳಿದೆ: ಯಾವ ಕಾಲು, ಪಾದದ ಯಾವ ಜಾಗ, ಎಷ್ಟು ಹೊತ್ತಿಗೆ, ನಡೆದರೆ ಕಡಿಮೆಯೋ ಜಾಸ್ತಿಯೋ, ಸೊಂಟದಿಂದ ನೋವು ಇಳಿಯುತ್ತದೆಯೋ. ತೆಗೆದುಕೊಳ್ಳುವ ಎಲ್ಲ ಮಾತ್ರೆಗಳ ಪಟ್ಟಿಯನ್ನೂ ಮಾಡಿಸಿದೆ. ಟೀಚರ್ ಅಲ್ವಾ, ಗೆರೆ ಹಾಕಿ ಚೊಕ್ಕಟವಾಗಿ ಬರೆದು ತಂದರು.

ಯಾವ ಕಾಲು ಎಂಬ ಪ್ರಶ್ನೆ ಮುಖ್ಯ. ಒಂದೇ ಪಾದದಲ್ಲಿದ್ದರೆ ಒಂದು ನರ ಎಲ್ಲೋ ಒತ್ತಿಕೊಂಡಿರಬಹುದು. ಸೊಂಟದ ಡಿಸ್ಕ್ ಒತ್ತಿದರೆ ನೋವು ತೊಡೆಯಿಂದ ಪಾದದವರೆಗೆ ಇಳಿಯಬಹುದು. ಕಣಕಾಲಿನ ಒಳಗಂಟಿನ ಹಿಂದೆ ನರ ಒತ್ತಿದರೆ ಅಂಗಾಲು ಜುಮ್ ಅನ್ನುತ್ತದೆ. ಗದ್ದೆಯಲ್ಲಿ ಕುಕ್ಕರಗಾಲಲ್ಲಿ ಕೂತು ತುಂಬಾ ಹೊತ್ತು ಕಳೆ ಕೀಳುವವರಿಗೆ ಮಂಡಿಯ ಹೊರಬದಿಯ ನರ ಒತ್ತಿ, ಪಾದ ಎತ್ತಲಾಗದೆ ಜೋತುಬೀಳುವುದೂ ಉಂಟು. ಎರಡೂ ಪಾದದಲ್ಲಿ ಬೆರಳಿಂದ ಶುರುವಾಗಿ ಮೇಲೆ ಏರುತ್ತಿದ್ದರೆ ಸಕ್ಕರೆ ಕಾಯಿಲೆ, ವಿಟಮಿನ್ ಬಿ12 ಕೊರತೆ, ಥೈರಾಯ್ಡ್, ಕಿಡ್ನಿ ತೊಂದರೆ, ಕುಡಿತ, ಕೆಲವು ಔಷಧಿ, ಇವನ್ನೆಲ್ಲ ವೈದ್ಯರು ಹುಡುಕುತ್ತಾರೆ. ಚರ್ಮದಲ್ಲಿ ಸ್ಪರ್ಶ ಗೊತ್ತಾಗದ ಬಿಳಿಚಿದ ಮಚ್ಚೆ ಇದ್ದರೆ ಕುಷ್ಠವೂ ಇರಬಹುದು. ಅದಕ್ಕೆ ಸರ್ಕಾರಿ ಆಸ್ಪತ್ರೆಯಲ್ಲಿ ಔಷಧಿ ಉಚಿತ, ನಾಚಿಕೆ ಬೇಡ.

ಹೊಸ ವೈದ್ಯರು ನೋಟ್‌ಬುಕ್ ಪೂರ್ತಿ ಓದಿದರು. ತೆಳುವಾದ ನೈಲಾನ್ ಎಳೆಯನ್ನು ಅಂಗಾಲಿಗೆ ತಾಗಿಸಿ, ಮೀಟಿದರೆ ಕಂಪಿಸುವ ಶ್ರುತಿಕವೆಯನ್ನು ಕಾಲಿನ ಹೆಬ್ಬೆರಳಿಗೆ ಇಟ್ಟು ಪರೀಕ್ಷೆ ಮಾಡಿದರು. ಬೆರಳುಗಳಲ್ಲಿ ಎರಡೂ ಸರಿಯಾಗಿ ಗೊತ್ತಾಗಲಿಲ್ಲ. ರಕ್ತಪರೀಕ್ಷೆಯಲ್ಲಿ ಬಿ12 ಮಟ್ಟ 140 (ಪಿಕೋಗ್ರಾಂ/ಮಿ.ಲೀ.) ಬಂತು. 200ಕ್ಕಿಂತ ಕೆಳಗಿದ್ದರೆ ಸಾಮಾನ್ಯವಾಗಿ ಕೊರತೆ ಎನ್ನುತ್ತಾರೆ. ಮೂರು ತಿಂಗಳ ಸಕ್ಕರೆಯ ಸರಾಸರಿಯೂ (ಎಚ್‌ಬಿಎ1ಸಿ) ಹೆಚ್ಚಿತ್ತು, ಶೇ 7.9. ಬಿ12 ಇಳಿದಿದ್ದಕ್ಕೆ ಕಾರಣದ ಸುಳಿವು ಮಾತ್ರೆಗಳ ಪಟ್ಟಿಯಲ್ಲೇ ಇತ್ತು. ವರ್ಷಗಟ್ಟಲೆ ಮೆಟ್‌ಫಾರ್ಮಿನ್ ಎಂಬ ಸಕ್ಕರೆ ಮಾತ್ರೆ, ಜೊತೆಗೆ ಗ್ಯಾಸ್ಟ್ರಿಕ್ ಮಾತ್ರೆ. ಎರಡೂ ದೇಹ ಬಿ12 ಹೀರಿಕೊಳ್ಳುವುದನ್ನು ಕಡಿಮೆ ಮಾಡಬಲ್ಲವು. ಟೀಚರ್ ಪೂರ್ತಿ ಸಸ್ಯಾಹಾರಿ, ಹಾಲು ಮೊಸರೂ ಅಷ್ಟಕ್ಕಷ್ಟೆ. ಇದನ್ನು ಓದಿ ಯಾರೂ ಸಕ್ಕರೆ ಮಾತ್ರೆ ಬಿಡಬೇಡಿ. ವೈದ್ಯರೂ ಬಿಡಿಸಲಿಲ್ಲ. ಬಿ12 ಇಂಜೆಕ್ಷನ್ ಶುರು ಮಾಡಿದರು ಅಷ್ಟೆ. ಖರ್ಚಿನ ಚಿಂತೆ ಇರುವವರು ಮೈಸೂರಿನ ಕೆ.ಆರ್. ಆಸ್ಪತ್ರೆ ಅಥವಾ ಮಂಡ್ಯದ ಮಿಮ್ಸ್, ಈ ಸರ್ಕಾರಿ ಆಸ್ಪತ್ರೆಗಳಲ್ಲಿ ತೋರಿಸಬಹುದು.

ಲಕ್ವದ ಭಯದ ಬಗ್ಗೆ ಬೇರೆಯಾಗಿ ಕೂತು ಮಾತಾಡಿದೆವು. ಲಕ್ವ ಇದ್ದಕ್ಕಿದ್ದಂತೆ ಬರುತ್ತದೆ. ಬಾಯಿ ಸೊಟ್ಟಗಾಗುವುದು, ಒಂದು ಕಡೆಯ ಕೈಕಾಲು ಬೀಳುವುದು, ಮಾತು ತೊದಲುವುದು. ಹಾಗಾದರೆ ಕಾಯದೆ 108ಕ್ಕೆ ಫೋನ್ ಮಾಡಬೇಕು. ಕಾಲಿನ ಬಲ ದಿನೇ ದಿನೇ ಕುಗ್ಗುತ್ತಾ ಮೇಲೆ ಏರಿದರೆ, ಮೂತ್ರ ಕಟ್ಟಿದರೆ ಅಥವಾ ಹಿಡಿತ ತಪ್ಪಿದರೆ, ಕೂರುವ ಜಾಗ ಮರಗಟ್ಟಿದರೆ ಅದೂ ತುರ್ತೇ. ಇಷ್ಟು ಗೊತ್ತಾದ ಮೇಲೆ ಅವರ ರಾತ್ರಿಗಳು ಹಗುರವಾದವು.

ಮಗನಿಗೆ ಹೇಳಿದ್ದು ಎರಡೇ ಕೆಲಸ. ಅಮ್ಮನಿಗೆ ಬಗ್ಗಿ ಅಂಗಾಲು ನೋಡಿಕೊಳ್ಳಲು ಆಗುವುದಿಲ್ಲ, ದಿನಾ ರಾತ್ರಿ ಗಾಯ, ಗುಳ್ಳೆ ಇದೆಯಾ ಎಂದು ನೀವು ನೋಡಿ. "ಏನೂ ಇಲ್ಲ ಬಿಡಮ್ಮ" ಅನ್ನುವ ಬದಲು "ಇವತ್ತು ಹೇಗಿದೆ ಅಮ್ಮ" ಎಂದು ಕೇಳಿ. ಅವರು ಎರಡನ್ನೂ ಮಾಡುತ್ತಿದ್ದಾರೆ. ಗುಂಯ್ ಅನ್ನುವುದು ಈಗ ತುಂಬಾ ಕಡಿಮೆಯಾಗಿದೆ. ಬೆರಳ ತುದಿಯ ಜೋಮು ಉಳಿದಿದೆ. ನರ ಚೇತರಿಸಿಕೊಳ್ಳಲು ತಿಂಗಳುಗಳು ಬೇಕು, ಪೂರ್ತಿ ಹೋಗದೆಯೂ ಇರಬಹುದು ಎಂದು ವೈದ್ಯರು ಇಬ್ಬರನ್ನೂ ಕೂರಿಸಿಕೊಂಡು ಹೇಳಿದ್ದಾರೆ.