ನೀರಿಗೆ ಬಿದ್ದ ಹೆಕ್ಸೇನ್ ಎಲ್ಲಿ ಸೇರುತ್ತದೆ?

ಪ್ರಶ್ನೆ: ಅಕ್ಕಿ ತವುಡಿನಿಂದ ಎಣ್ಣೆ ತೆಗೆಯಲು ಹೆಕ್ಸೇನ್ ಎಂಬ ದ್ರವವನ್ನು ಬಳಸುತ್ತಾರೆ. ಅದು ನೀರಿನಲ್ಲಿ ಕರಗುವುದಿಲ್ಲ ಎಂದು ಓದಿದ್ದೇನೆ. ಹಾಗಾದರೆ ಕೊಳೆನೀರಿನ ತೊಟ್ಟಿಗೆ ಸೇರಿದ ಹೆಕ್ಸೇನ್ ಗಾಳಿಗೆ ಹೋಗುತ್ತದೆಯೋ, ಮೇಲೆ ತೇಲುವ ಎಣ್ಣೆಯಲ್ಲೇ ಉಳಿಯುತ್ತದೆಯೋ?
— ಪಿಯುಸಿ ವಿದ್ಯಾರ್ಥಿನಿ, ಸಿಂಧನೂರು, ರಾಯಚೂರು ಜಿಲ್ಲೆ

ಉತ್ತರ: ಕರಗುವುದೇ ಇಲ್ಲ ಎನ್ನುವುದು ಪೂರ್ತಿ ಸರಿಯಲ್ಲ. ಒಂದು ಲೀಟರ್ ನೀರಿನಲ್ಲಿ ಸುಮಾರು 10 ಮಿಲಿಗ್ರಾಂ ಹೆಕ್ಸೇನ್ ಕರಗುತ್ತದೆ. ಉಳಿದದ್ದು ಯಾವ ಕಡೆಗೆ ಹೋಗುತ್ತದೆ ಎಂಬುದು ಅದರ ಗುಣವೊಂದರಿಂದಲೇ ತೀರ್ಮಾನವಾಗದು. ಎಣ್ಣೆ ಎಷ್ಟಿದೆ, ಗಾಳಿಗೆ ಜಾಗ ಎಷ್ಟಿದೆ ಎಂಬುದನ್ನೂ ಕೇಳಬೇಕು.

ದ್ರವದಲ್ಲಿ ಕರಗಿದ ಅನಿಲಕ್ಕೂ ಅದರ ಮೇಲಿನ ಒತ್ತಡಕ್ಕೂ ಇರುವ ಸಂಬಂಧವನ್ನು ವಿಲಿಯಂ ಹೆನ್ರಿ 1803ರಲ್ಲಿ ನಿರೂಪಿಸಿದರು. ಒಂದರಲ್ಲೊಂದು ಬೆರೆಯದ ಎರಡು ದ್ರವಗಳ ನಡುವಿನ ಹಂಚಿಕೆಯ ನಿಯಮವನ್ನು ವಾಲ್ಟರ್ ನರ್ನ್‌ಸ್ಟ್ 1891ರಲ್ಲಿ ಮಂಡಿಸಿದರು. ನಿಮ್ಮ ಪ್ರಶ್ನೆಗೆ ಎರಡೂ ಬೇಕು. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸಮತೋಲ ಏರ್ಪಟ್ಟಾಗ, ಅಂದರೆ ಹಂಚಿಕೆ ಮತ್ತೆ ಬದಲಾಗದೆ ನಿಂತಾಗ, ನೀರಿನ ಪ್ರತಿ ಮಿಲಿಲೀಟರ್‌ನಲ್ಲಿ ಒಂದು ಪಾಲು ಹೆಕ್ಸೇನ್ ಇದ್ದರೆ ಗಾಳಿಯ ಪ್ರತಿ ಮಿಲಿಲೀಟರ್‌ನಲ್ಲಿ ಸುಮಾರು 70 ಪಾಲು, ಎಣ್ಣೆಯ ಬದಲಿಗೆ ಪ್ರಯೋಗಶಾಲೆಗಳಲ್ಲಿ ಬಳಸುವ ಆಕ್ಟನಾಲ್‌ನಲ್ಲಿ ಸುಮಾರು 8,000 ಪಾಲು ಇರುತ್ತದೆ.

ಈಗ ಬಿಗಿಯಾಗಿ ಮುಚ್ಚಿದ ಪಾತ್ರೆಯೊಂದರಲ್ಲಿ ಒಂದು ಲೀಟರ್ ನೀರು, ಅದರ ಮೇಲೆ ಒಂದು ಲೀಟರ್ ಗಾಳಿ, ನಡುವೆ ಕೇವಲ 10 ಮಿಲಿಲೀಟರ್ ಆಕ್ಟನಾಲ್ ಇದೆ ಎಂದುಕೊಳ್ಳಿ. ನೀರಿಗೆ 1,000 ಪಾಲು, ಗಾಳಿಗೆ 70,000, ಆಕ್ಟನಾಲ್‌ಗೆ 80,000 ದಕ್ಕುತ್ತದೆ. ಗಾತ್ರದಲ್ಲಿ ನೀರಿನ ನೂರರಲ್ಲೊಂದರಷ್ಟಿರುವ ಪದರವೇ ಅರ್ಧಕ್ಕಿಂತ ಹೆಚ್ಚನ್ನು ಹಿಡಿದಿಟ್ಟಿತು! ಆ ಪದರವನ್ನು ತೆಗೆದುಬಿಟ್ಟರೆ ನೂರಕ್ಕೆ 98ಕ್ಕೂ ಹೆಚ್ಚು ಭಾಗ ಗಾಳಿಯ ಪಾಲಾಗುತ್ತದೆ. ಕಾಗದದ ಮೇಲೆ ಈ ಅಳತೆಗಳನ್ನು ಬದಲಿಸಿ ನೀವೇ ಲೆಕ್ಕ ಹಾಕಿ ನೋಡಿ. ವಿಷಯ ಚೆನ್ನಾಗಿ ಮನದಟ್ಟಾಗುತ್ತದೆ.

ತೆರೆದ ತೊಟ್ಟಿಯ ಮಾತೇ ಬೇರೆ. ಮೇಲಿನ ಗಾಳಿ ಬದಲಾಗುತ್ತಲೇ ಇರುವುದರಿಂದ ಅಲ್ಲಿ ಸಮತೋಲ ಏರ್ಪಡುವುದೇ ಇಲ್ಲ. ಎಣ್ಣೆ ಹೆಕ್ಸೇನನ್ನು ತಡೆದು ನಿಧಾನಗೊಳಿಸುತ್ತದೆಯೇ ಹೊರತು ಶಾಶ್ವತವಾಗಿ ಉಳಿಸಿಕೊಳ್ಳಲಾರದು. ಹೆಕ್ಸೇನ್‌ನ ಕುದಿಬಿಂದು ಸುಮಾರು 69 ಡಿಗ್ರಿ ಮಾತ್ರವಾದ್ದರಿಂದ, ನಮ್ಮ ಜಿಲ್ಲೆಯ ಬೇಸಿಗೆಯಲ್ಲಿ ಉಷ್ಣತೆ 40 ಡಿಗ್ರಿ ದಾಟಿದಾಗ ಗಾಳಿಯ ಪಾಲು ಇನ್ನೂ ಹೆಚ್ಚುತ್ತದೆ.

ಗಾಳಿಗೆ ಸೇರಿದರೆ ಅಪಾಯ ಕಳೆಯಿತೆಂದು ಮಾತ್ರ ತಿಳಿಯಬಾರದು. ಹೆಕ್ಸೇನ್ ಆವಿ ಗಾಳಿಗಿಂತ ಸುಮಾರು ಮೂರು ಪಟ್ಟು ಭಾರ. ಗುಂಡಿ, ಚರಂಡಿಗಳಲ್ಲಿ ತಂಗುತ್ತದೆ, ಗಾಳಿಯಲ್ಲಿ ಶೇಕಡಾ ಒಂದಕ್ಕಿಂತ ಸ್ವಲ್ಪ ಹೆಚ್ಚಾದರೆ ಸಾಕು, ಒಂದು ಕಿಡಿಗೆ ಹೊತ್ತಿಕೊಳ್ಳುತ್ತದೆ. ಆದ್ದರಿಂದ ಇಂಥ ತೊಟ್ಟಿಯ ಮುಚ್ಚಳ ತೆಗೆಯುವಾಗ ಹತ್ತಿರದಲ್ಲಿ ಬೀಡಿಯಾಗಲಿ, ವೆಲ್ಡಿಂಗ್ ಕೆಲಸವಾಗಲಿ ಇರಕೂಡದು.